ಹಲಗೆ ಕೆಳಗೆ ಬಿದ್ದ ಮೊಟ್ಟೆ

ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕಿದ್ರೆ ಮೊದಲಿಂದ ಹೇಳ್ತೀನಿ, ಈಗಲೇ ಹೇಳಿದೀನಿ.

ದ್ಯಾವಮ್ಮನ ಹಿತ್ತಲು. ಹಿತ್ತಲ ತುಂಬ ಜೇಕು. ಜೇಕು ಅಂದ್ರೆ ಮೇಲೆ ಹುಲ್ಲು, ಮಣ್ಣೊಳಗೆ ಗಡ್ಡೆ. ಅಲ್ಲೇ ದ್ಯಾವಮ್ಮನಿಗೆ ಕೂರೋಕೆ ಹಲಗೆ ಜಗಲಿ ಬೇಕಾಯ್ತು. ಬಡಗಿ ಮೋನಾಚಾರಿ ಬಂದ.

"ದ್ಯಾವಕ್ಕ, ಮೊದ್ಲು ಗಡ್ಡೆ ಅಗೆದು ತೆಗೀಲಾ?"

"ಅಷ್ಟೊತ್ತು ಯಾರು ಕಾಯ್ತಾರೆ? ಮೇಲೆ ಸವರು, ಹಲಗೆ ಹೊಡಿ. ನಾನು ಕೂರಬೇಕು."

ಆಚಾರಿ ಹುಲ್ಲು ಸವರಿದ. ಹಲಗೆ ಹಾಕಿದ. ಮೊಳೆ ಹೊಡೆದ.

ಗಡ್ಡೆ ಸುಮ್ನಿರುತ್ತಾ? ಮತ್ತೆ ಚಿಗುರಿತು. ಹಲಗೇನ ದಬ್ಬಿತು. ಹಲಗೆ ಸೊಟ್ಟಗಾಯ್ತು. ಹಲಗೆ ಮೇಲೆ ಬುಟ್ಟಿ ಇತ್ತು. ಬುಟ್ಟೀಲಿ ಬೂದಿ ಕೋಳಿ ಕಾವು ಕೂತಿತ್ತು. ಬುಟ್ಟಿ ವಾಲಿತು. ಮೊಟ್ಟೆ ಉರುಳಿತು. ಉರುಳಿ ಉರುಳಿ ಸಂದಿಗೆ ಬಿತ್ತು, ಪುಳಕ್.

ಒಡೀಲಿಲ್ಲ, ಕೆಳಗೆ ಹುಲ್ಲಿತ್ತಲ್ಲ. ಆದ್ರೆ ಬೂದಿಗೆ ಇದ್ದದ್ದು ಅದೊಂದೇ ಮೊಟ್ಟೆ. ಇವತ್ತೋ ನಾಳೆಯೋ ಮರಿ ಆಗೋ ಮೊಟ್ಟೆ. ತಣ್ಣಗಾದ್ರೆ ಮರಿ ಇಲ್ಲ.

ಬೂದಿ ಜೇಕಿನ ಹತ್ರ ಹೋಯ್ತು. "ಜೇಕೇ ಜೇಕೇ, ದಾರಿ ಬಿಡು. ನನ್ನ ಮೊಟ್ಟೆ ಕೊಡು."

"ನನ್ನ ತಲೆ ಸವರಿದ್ರು, ಮೇಲೆ ಹಲಗೆ ಹೇರಿದ್ರು. ಬಿಡಲ್ಲ ಹೋಗು."

ಬೂದಿ ಮೇಕೆ ಹತ್ರ ಹೋಯ್ತು. "ಮೇಕೆ ಮೇಕೆ, ಜೇಕು ತಿನ್ನು. ಜೇಕು ಬಿಡಲ್ಲ, ಮೊಟ್ಟೆ ಸಿಗಲ್ಲ."

"ಬಾಯಲ್ಲಿ ನೀರು ಬರ್ತಿದೆ. ಆದ್ರೆ ಹಲಗೆ ಅಡ್ಡ ಇದೆಯಲ್ಲ. ತಿನ್ನಲ್ಲ ಹೋಗು."

ಬೂದಿ ಹಲಗೆ ಹತ್ರ ಹೋಯ್ತು. "ಹಲಗೆ ಹಲಗೆ, ಮೇಲೆ ಏಳು. ಮೇಕೆ ತಿನ್ನಲ್ಲ, ಜೇಕು ಬಿಡಲ್ಲ, ಮೊಟ್ಟೆ ಸಿಗಲ್ಲ."

"ಮೊಳೆ ನನ್ನ ಗಟ್ಟಿ ಹಿಡಿದಿದೆ. ಏಳಲ್ಲ ಹೋಗು."

ಬೂದಿ ಮೊಳೆ ಹತ್ರ ಹೋಯ್ತು. "ಮೊಳೆ ಮೊಳೆ, ಹಲಗೆ ಬಿಡು. ಹಲಗೆ ಏಳಲ್ಲ, ಮೇಕೆ ತಿನ್ನಲ್ಲ, ಜೇಕು ಬಿಡಲ್ಲ, ಮೊಟ್ಟೆ ಸಿಗಲ್ಲ."

"ಹೊಡೆದದ್ದು ಆಚಾರಿ, ಕೀಳೋದೂ ಆಚಾರಿ. ನಾನಾಗೇ ಎದ್ದು ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಬಿಡಲ್ಲ ಹೋಗು."

ನೋಡಿ, ಮೊಳೆಗೂ ಮರ್ಯಾದೆಯಂತೆ.

ಬೂದಿ ಆಚಾರಿ ಹತ್ರ ಹೋಯ್ತು. "ಆಚಾರ್ರೇ ಆಚಾರ್ರೇ, ಮೊಳೆ ಕೀಳಿ. ಮೊಳೆ ಬಿಡಲ್ಲ, ಹಲಗೆ ಏಳಲ್ಲ, ಮೇಕೆ ತಿನ್ನಲ್ಲ, ಜೇಕು ಬಿಡಲ್ಲ, ಮೊಟ್ಟೆ ಸಿಗಲ್ಲ."

"ಹಲಗೆ ಮೇಲೆ ದ್ಯಾವಕ್ಕ ಕೂತವ್ಳೆ. ದ್ಯಾವಕ್ಕನ್ನ ಎಬ್ಬಿಸೋ ಧೈರ್ಯ ನಂಗಿಲ್ಲಪ್ಪ. ಕೀಳಲ್ಲ ಹೋಗು."

ಬೂದಿ ದ್ಯಾವಮ್ಮನ ಹತ್ರ ಹೋಯ್ತು. "ದ್ಯಾವಮ್ಮ ದ್ಯಾವಮ್ಮ, ಒಂಚೂರು ಏಳು. ಆಚಾರಿ ಕೀಳಲ್ಲ, ಮೊಳೆ ಬಿಡಲ್ಲ, ಹಲಗೆ ಏಳಲ್ಲ, ಮೇಕೆ ತಿನ್ನಲ್ಲ, ಜೇಕು ಬಿಡಲ್ಲ, ಮೊಟ್ಟೆ ಸಿಗಲ್ಲ."

"ಈಗ ತಾನೇ ಎಲೆ ಅಡಿಕೆ ಬಾಯಿಗೆ ಹಾಕಿದೀನಿ. ಏಳಲ್ಲ ಹೋಗು."

ಇನ್ಯಾರನ್ನ ಕೇಳೋದು? ಯಾರೂ ಇಲ್ಲ. ಪಾಪ, ಬೂದಿಗೆ ಅಳು ಬಂತು. ಸಂದಿಗೆ ಕೊಕ್ಕು ಇಟ್ಟು ಮೆಲ್ಲಗೆ ಕರೀತು, "ಕೊಕ್... ಕೊಕ್..."

ಕೆಳಗಿಂದ, ಟಕ್.

ಟಕ್ ಟಕ್.

ಕೀಂ!

ದ್ಯಾವಮ್ಮನ ಕಣ್ಣು ಇಷ್ಟಗಲ ಆಯ್ತು. "ಅಯ್ಯಯ್ಯೋ ಶಿವನೇ, ನನ್ನ ಅಂಡು ಕೀಂ ಅಂತು!"

ಎದ್ದಳು ನೋಡಿ. ದ್ಯಾವಮ್ಮ ಎದ್ದಳು, ಆಚಾರಿ ಕಿತ್ತ. ಆಚಾರಿ ಕಿತ್ತ, ಮೊಳೆ ಬಿಡ್ತು. ಮೊಳೆ ಬಿಡ್ತು, ಹಲಗೆ ಎದ್ದಿತು. ಹಲಗೆ ಎದ್ದಿತು, ಮೇಕೆ ತಿಂತು. ಮೇಕೆ ತಿಂತು, ಜೇಕು ಬಿಡ್ತು. ಜೇಕು ಬಿಡ್ತು, ಬೂದಿಗೆ ಸಿಕ್ತು. ಮೊಟ್ಟೆ ಅಲ್ಲ, ಮರಿ! ತಲೆ ಮೇಲೆ ಇನ್ನೂ ಚಿಪ್ಪಿನ ಟೋಪಿ. ಬೂದಿ ಅದನ್ನ ರೆಕ್ಕೆ ಕೆಳಗೆ ಎಳ್ಕೊಂಡು ಬಿಡಲೇ ಇಲ್ಲ.

"ತಣ್ಣಗಾಗ್ಲಿಲ್ಲ ಯಾಕೆ ಗೊತ್ತಾ?" ಅಂದಳು ದ್ಯಾವಮ್ಮ. "ಮೇಲೆ ನಾನು ಕೂತಿದ್ನಲ್ಲ. ಅರ್ಧ ಕಾವು ನಂದು."

"ಮತ್ತೆ ಹಲಗೆ ಹೊಡೀಲಾ ದ್ಯಾವಕ್ಕ?" ಅಂದ ಆಚಾರಿ.

ಮಣ್ಣೊಳಗಿಂದ ಜೇಕು ನಕ್ಕಿತು. "ಹೊಡಿ ಹೊಡಿ. ಮೇಕೆ ತಿಂದದ್ದು ಹುಲ್ಲು. ಗಡ್ಡೆ ಇಲ್ಲೇ ಇದೆ. ನಾಳೆ ಬರ್ತೀನಿ."

ದ್ಯಾವಮ್ಮ ಎಲೆ ಅಡಿಕೆ ಉಗಿದಳು. "ಗಡ್ಡೆ ಅಗೆದು ತೆಗಿ ಆಚಾರಿ. ನಾನು ಕಾಯ್ತೀನಿ."

ಆಚಾರಿ ಅಗೆದ. ಬೂದಿ ಕೆದಕಿತು. ಮರಿಯೂ ಕೆದಕಿತು, ಮಗುಚಿ ಬಿತ್ತು. ಗಡ್ಡೆಗಳನ್ನೆಲ್ಲ ಆರಿಸಿ ಬಿಸಿಲಿಗೆ ಹಾಕಿದ್ರು. ಆಮೇಲೆ ನೆಲದ ಮೇಲೆ ಗೊಬ್ಬರದ ಚೀಲ ಹಾಸಿದ್ರು. ಚೀಲದ ಮೇಲೆ ಜಲ್ಲಿ. ಜಲ್ಲಿ ಮೇಲೆ ಹಲಗೆ. ಹಲಗೆ ಮೇಲೆ ದ್ಯಾವಮ್ಮ. ದ್ಯಾವಮ್ಮನ ಮಡಿಲಲ್ಲಿ ಬೂದಿ. ಬೂದಿ ರೆಕ್ಕೆ ಕೆಳಗೆ ಮರಿ.

ಜೇಕು ಬರಲೇ ಇಲ್ಲ.

ಆದ್ರೂ ದ್ಯಾವಮ್ಮ ಈಗಲೂ ಕೂರೋ ಮುಂಚೆ ಹಲಗೆ ತಟ್ತಾಳೆ. ಬಗ್ಗಿ ಕೇಳ್ತಾಳೆ, "ಕೆಳಗೆ ಯಾರಾದ್ರೂ ಇದೀರೇನ್ರಪ್ಪಾ?"

ಯಾರೂ ಕೀಂ ಅನ್ನದಿದ್ರೆ ಕೂರ್ತಾಳೆ.