ಸೋರುವ ಸೂರಿನಡಿಯ ಹಂಡೆ

ಮಳೆಗಾಲ ಬಂತೆಂದರೆ ದರ್ಜಿ ಮಾಲನಬಿಯ ಹಂಚಿನ ಮನೆ ಸೋರುತ್ತಿತ್ತು. ನೀರು ಹೊಲಿಗೆಯಂತ್ರದ ಪಕ್ಕದಲ್ಲೇ ತೊಟ್ಟಿಕ್ಕುತ್ತಿತ್ತು. ಅವಳು ಅಲ್ಲಿ ತಾಮ್ರದ ಹಂಡೆಯನ್ನಿಟ್ಟು, ಹನಿಯ ಸದ್ದು ಕೇಳದಂತೆ ಅದರೊಳಗೆ ಹಳೆಯ ಬಟ್ಟೆ ಹಾಸುತ್ತಿದ್ದಳು.

ಒಂದು ವರ್ಷ ಸೂರಿನ ತೊಲೆ ಹಂಡೆಗೆ ಹೇಳಿತು: "ನಿನ್ನಲ್ಲಿ ಬೀಳುವುದು ನಾನು ಕುಡಿದು ಉಳಿದ ನೀರು. ನಾನು ಕೊಳೆತಿದ್ದೇನೆ, ಇನ್ನು ಹೆಚ್ಚು ಕಾಲ ನಿಲ್ಲಲಾರೆ. ಒಮ್ಮೆ ವಾಲಿ ನೀರನ್ನು ನೆಲಕ್ಕೆ ಚೆಲ್ಲು. ಆಗಲಾದರೂ ಅವಳು ತಲೆಯೆತ್ತಿ ನೋಡಿಯಾಳು."

"ನೆಲ ಒದ್ದೆಯಾಗದಂತೆ ಕಾಯುವುದು ನನಗೆ ಒಪ್ಪಿಸಿದ ಕೆಲಸ," ಎಂದಿತು ಹಂಡೆ. "ಚೆಲ್ಲಿದರೆ ಕೆಟ್ಟ ಹೆಸರು ಬರುವುದು ನನಗೆ, ನಿನಗಲ್ಲ."

ಅಷ್ಟರಲ್ಲಿ ನೆರೆಮನೆಯ ಹೆಂಗಸು ಬಂದು, "ಹಂಚು ರಿಪೇರಿ ಮಾಡಿಸಬಾರದೇನ?" ಎಂದು ಕೇಳಿದಳು. ಮಾಲನಬಿ ಹಂಡೆಯ ಕಡೆ ಕೈ ತೋರಿಸಿ, "ಇದು ಇರೋತನಕ ಚಿಂತಿಯಿಲ್ಲ. ಮಳಿ ನಿಂತ ಮ್ಯಾಲ ನೋಡೋಣು," ಎಂದಳು. ಹಂಡೆಗೆ ಹೆಮ್ಮೆಯೆನಿಸಿತು.

ಮಳೆ ನಿಲ್ಲಲಿಲ್ಲ. ಮಾಲನಬಿ ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ ತೊಲೆ ಮುರಿದು, ಸೂರು ಹೊಲಿಗೆಯಂತ್ರದ ಮೇಲೆ ಕುಸಿಯಿತು. ಅವಳು ಮರಳಿ ಬಂದು ಹೊಸ್ತಿಲಲ್ಲೇ ಕುಳಿತಳು. ಅಳಲಿಲ್ಲ, ಒಳಗೂ ಹೋಗಲಿಲ್ಲ. ಒಳಗೆ, ಬಯಲಾದ ಆಕಾಶದ ಕೆಳಗೆ, ಹಂಡೆ ಅಂಚಿನವರೆಗೆ ತುಂಬಿ ನಿಂತಿತ್ತು.

"ನೋಡು, ನನ್ನ ಪಾಲಿನ ನೀರನ್ನು ನಾನು ಹಿಡಿದಿದ್ದೇನೆ," ಎಂದು ಅದು ಕೆಳಗೆ ಬಿದ್ದ ತೊಲೆಗೆ ಹೇಳಿತು.