ಯಂತ್ರ ಕಲಿತ ಸೋಬಾನೆ

ಮಳವಳ್ಳಿ ಸುತ್ತಿನಲ್ಲಿ ಚಿಕ್ಕತಾಯಮ್ಮನ ಗುಂಪು ಸೋಬಾನೆ ಹೇಳದೆ ಯಾವ ಮದುವೆಯೂ ಮುಗಿಯುತ್ತಿರಲಿಲ್ಲ. ಒಂದು ದಿನ ಪಟ್ಟಣದ ಕಂಪನಿಯ ಯಜಮಾನರೊಬ್ಬರು ಅವಳ ಮನೆಗೆ ಬಂದರು. ಕನ್ನಡದಲ್ಲಿ ಹಾಡುವ ಯಂತ್ರ ಮಾಡುತ್ತಿದ್ದೇವೆ, ಅದಕ್ಕೆ ಕಲಿಸಲು ನಿಮ್ಮ ಪದಗಳೆಲ್ಲ ಬೇಕು ಎಂದರು.

"ನಮ್ಮ ಹೆಂಗಸರಿಗೆ ಏನು ಕೊಡ್ತೀರಿ ಸ್ವಾಮಿ?"

"ಕೊಡೋದಾ? ಹಾಡು ಯಾರಪ್ಪನ ಮನೆ ಆಸ್ತಿ? ಇದು ಭಾಷೆಯ ಸೇವೆ ಕಣಮ್ಮ!"

ಚಿಕ್ಕತಾಯಮ್ಮ ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದಳು. "ಆಯ್ತು. ಮದುವೆ ಮನೇಲಿ ಹೇಳೋ ಹಂಗೇ ಹೇಳ್ತೀವಿ" ಅಂದಳು.

ಗುಂಪು ವಾರಗಟ್ಟಲೆ ಕೂತು ಹೇಳಿತು. ಯಜಮಾನರು ಮುದ್ರಿಸಿಕೊಂಡ ಪದಗಳಲ್ಲಿ ಒಂದನ್ನೂ ಕೇಳಿ ನೋಡದೆ ಎಲ್ಲವನ್ನೂ ಯಂತ್ರಕ್ಕೆ ಉಣಿಸಿದರು.

ದೊಡ್ಡವರ ಮುಂದೆ ಯಂತ್ರ ಹಾಡುವ ದಿನ ಬಂತು. ಹೆಂಗಸರನ್ನೂ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಯಂತ್ರ ಆರತಿ ಪದ ಎತ್ತಿಕೊಂಡಿತು. ಸಭೆ ತಲೆದೂಗಿತು. ಕೊನೆಯ ಸಾಲಿಗೆ ಬಂದದ್ದೇ ತಡ, ನಿಂತುಬಿಟ್ಟಿತು.

"ತಟ್ಟೆ ಖಾಲಿ ಐತಲ್ಲ ಬೀಗರೇ!" ಅಂದಿತು.

ಬೇರೆ ಪದ ಹಾಡಿಸಿದರು. ಅಲ್ಲೂ ಅದೇ ಮಾತು.

"ಇದೇನು, ಕೆಟ್ಟು ಹೋಗಿದೆಯೇನ್ರೀ?" ಯಜಮಾನರು ಬೆವರಿದರು.

ಚಿಕ್ಕತಾಯಮ್ಮ ಎದ್ದು ನಿಂತಳು. "ಕೆಟ್ಟಿಲ್ಲ ಸ್ವಾಮಿ. ಯಾವ ಪದವಾದ್ರೂ ಬೀಗರು ಆರತಿ ತಟ್ಟೆಗೆ ಕಾಣಿಕೆ ಹಾಕಿದ ಮೇಲೇ ನಾವು ಕೊನೇ ಸಾಲು ಹೇಳೋದು. ಅಲ್ಲೀವರೆಗೆ ತಟ್ಟೆ ಖಾಲಿ ಅಂತ ಕೂಗ್ತೀವಿ. ನಿಮ್ಮಲ್ಲಿ ಯಾರೂ ಹಾಕಲಿಲ್ಲ. ಪಾಪ, ಆ ಸಾಲು ಅದರ ಕಿವಿಗೇ ಬಿದ್ದಿಲ್ಲ."

ಸಭೆಯೆಲ್ಲ ನಕ್ಕಿತು. ಯಜಮಾನರು ಒಂದು ತಟ್ಟೆ ತರಿಸಿ ಜೇಬಿಗೆ ಕೈ ಹಾಕಿದರು.

ಚಿಕ್ಕತಾಯಮ್ಮ ತನ್ನ ಜೊತೆಯವರನ್ನೆಲ್ಲ ಒಮ್ಮೆ ನೋಡಿದಳು.

"ಇದು ಇನ್ನು ಎಷ್ಟು ಮದುವೇಲಿ ಹಾಡುತ್ತೋ ಸ್ವಾಮಿ. ಸ್ವಲ್ಪ ದೊಡ್ಡ ತಟ್ಟೆ ತರಿಸಿ."