ಬೇಕು ಪಟ್ಟಿ, ಬೇಡ ಪಟ್ಟಿ

"ಸಂಘಕ್ಕೆ ಹೋಗಿ ಏನು ಸಿಗುತ್ತದೆ, ಅಕ್ಕೋರೆ?" ಎಂದು ಯಮನೂರಪ್ಪ ಕೇಳಿದ.

ಅವನು ಹೋಬಳಿಯೊಂದರ ಗ್ರಂಥಾಲಯ ನೋಡಿಕೊಳ್ಳುವವನು. ಇಂದುಮತಿ ಅಕ್ಕೋರು ಅವನಿಗೆ ಆ ಕೆಲಸ ಕಲಿಸಿದವರು. ಅವರು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಆದರೂ ಸುತ್ತಲಿನ ಗ್ರಂಥಪಾಲಕರು ತಮ್ಮ ಸಂಶಯಗಳನ್ನು ಅವರ ಮನೆಯ ಕಟ್ಟೆಗೇ ತರುತ್ತಿದ್ದರು.

ಯಮನೂರಪ್ಪನ ಜೇಬಿನಲ್ಲಿ ಒಂದು ಕಾರ್ಡಿತ್ತು. ಮೂರು ಜಿಲ್ಲೆಗಳ ಗ್ರಂಥಾಲಯ ನೌಕರರ ಸಂಘದ ವಾರ್ಷಿಕ ಸಭೆ ಬರುವ ಭಾನುವಾರ ಎಂದು ಅದರಲ್ಲಿ ಬರೆದಿತ್ತು.

"ಎರಡು ಸಲ ಹೋಗಿ ಬಂದೆ" ಎಂದ. "ಒಂದು ಸಲ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಏನು ಮಾಡಬೇಕೆಂದು ಹೇಳಿದರು. ಇನ್ನೊಂದು ಸಲ ರಟ್ಟು ಕಟ್ಟುವುದನ್ನು ಕಲಿಸಿದರು. ಅದನ್ನು ನನಗೆ ನೀವೇ ಕಲಿಸಿದ್ದಿರಿ. ಉಳಿದದ್ದು ಸ್ವಾಗತ, ಹಾರ, ವರದಿ ವಾಚನ, ಉಪ್ಪಿಟ್ಟು. ಇಷ್ಟಕ್ಕಾಗಿ ಭಾನುವಾರ ಗ್ರಂಥಾಲಯಕ್ಕೆ ಬೀಗ ಹಾಕಬೇಕು. ನನ್ನಲ್ಲಿ ಭಾನುವಾರವೇ ಓದುಗರು ಹೆಚ್ಚು. ಈ ಸಲ ಬರುವುದಿಲ್ಲ ಅಂತ ಬರೆದು ಹಾಕಲೇ?"

"ಊಟ ಆದ ಮೇಲೆ ಅಲ್ಲಿದ್ದೆಯಾ?"

"ಇಲ್ಲ. ಬಸ್ಸಿತ್ತು."

ಅಕ್ಕೋರು ನಕ್ಕರು. "ನಾನು ಒಂದು ಕಡೆ ನಿಂತವಳಲ್ಲ. ಹತ್ತಾರು ಊರಿನ ಸಭೆಗಳಲ್ಲಿ ಕೂತು ಎದ್ದಿದ್ದೇನೆ. ಎಲ್ಲ ಕಡೆಯೂ ಸ್ವಾಗತ ಭಾಷಣ ಉದ್ದ, ತಿಂಡಿ ತಣ್ಣಗೆ. ಅದರಲ್ಲಿ ನಿನ್ನ ಸಂಘದ ತಪ್ಪೇನೂ ಇಲ್ಲ. ಕೂತುಕೋ."

ಅವನು ಕೂತ. ಅಕ್ಕೋರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗ್ರಂಥಪಾಲಕನಿದ್ದ. ಅವನಂಥ ಶಿಸ್ತಿನವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಹೇಳಿದ ಹೊತ್ತಿಗೆ ಬಾಗಿಲು ತೆರೆಯುತ್ತಿದ್ದ. ಕೇಳಿದ ಪುಸ್ತಕವನ್ನು ಕಪಾಟಿನಿಂದ ನೋಡದೆಯೇ ತೆಗೆದುಕೊಡುತ್ತಿದ್ದ. ತನ್ನಲ್ಲಿಲ್ಲದ ಪುಸ್ತಕವನ್ನು ಯಾರಾದರೂ ಕೇಳಿದರೆ ಬೇಡಿಕೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಯಾರ ಮದುವೆಗೂ, ಯಾರ ಮಣ್ಣಿಗೂ ಅವನು ಬಾಗಿಲು ಹಾಕಿದವನಲ್ಲ. ಅವನ ಸ್ವಂತ ಮದುವೆಯೇ ವಾರದ ರಜೆಯ ದಿನ ನಡೆಯಿತು. "ಓದುಗರು ಬಂದು ಬೀಗ ನೋಡಿ ತಿರುಗಿ ಹೋಗಬಾರದು" ಎಂಬುದು ಅವನ ಮಾತು. ಜನ ಅವನನ್ನು ಗೌರವಿಸುತ್ತಿದ್ದರು. ಅವನಿಗೂ ತನ್ನ ಮೇಲೆ ಗೌರವವಿತ್ತು.

ಅದೇ ಊರಿನಲ್ಲಿ ಬಟ್ಟೆ ಹೊಲಿದು ಬದುಕುವ ಒಬ್ಬ ಹೆಂಗಸಿದ್ದಳು. ಅವಳ ತಂದೆ ಕನ್ನಡ ಶಾಲೆಯ ಮಾಸ್ತರಾಗಿದ್ದರು. ರಜೆಯಲ್ಲಿ ಊರೂರು ನಡೆದು, ಅಲ್ಲಿನ ಬಾವಿಗಳನ್ನು ನೋಡಿ, ಒಂದು ಸಣ್ಣ ಪುಸ್ತಕ ಬರೆದು ಅಚ್ಚು ಹಾಕಿಸಿದ್ದರು. ಹೆಸರು 'ನಮ್ಮ ಸೀಮೆಯ ಬಾವಿಗಳು'. ಬಾವಿ ಯಾರು ತೋಡಿಸಿದ್ದು, ಎಷ್ಟು ಮೆಟ್ಟಿಲು, ನೀರು ಸಿಹಿಯೋ ಸವುಳೋ, ಇಷ್ಟೇ ವಿಷಯ. ಅರವತ್ತನಾಲ್ಕು ಪುಟ. ಮಗಳಿಗೆ ಮೂರು ವರ್ಷವಿದ್ದಾಗ ಅವರು ತೀರಿಕೊಂಡರು. ಮನೆಯ ಗೋಡೆ ಬಿದ್ದ ವರ್ಷ ಪುಸ್ತಕದ ಪ್ರತಿಗಳೆಲ್ಲ ಮಣ್ಣಾದವು. ತಂದೆಯ ಮುಖ ಅವಳಿಗೆ ನೆನಪಿರಲಿಲ್ಲ. ದನಿಯೂ ಇಲ್ಲ. ಒಂದು ಫೋಟೊ ಕೂಡ ಇಲ್ಲ. ಆ ಪುಸ್ತಕ ಎಲ್ಲಾದರೂ ಒಂದು ಉಳಿದಿದ್ದರೆ, ಅಪ್ಪ ಹೇಗೆ ಮಾತಾಡುತ್ತಿದ್ದರು ಎಂಬುದಾದರೂ ಗೊತ್ತಾದೀತು ಎಂದು ಅವಳ ಆಸೆ. ಬೇರೆ ಆಸೆ ಅವಳಿಗೆ ಹೆಚ್ಚಾಗಿ ಇರಲಿಲ್ಲ.

ಗ್ರಂಥಪಾಲಕ ಕೆಲಸಕ್ಕೆ ಸೇರಿದ ವರ್ಷವೇ ಅವಳು ಬಂದು ಕೇಳಿದಳು. ಪುಸ್ತಕ ಅವನಲ್ಲಿ ಇರಲಿಲ್ಲ. ಬೇಡಿಕೆ ಪುಸ್ತಕದ ಮೊದಲ ಸಾಲಿನಲ್ಲಿ ಅದರ ಹೆಸರು ಬರೆದುಕೊಂಡ.

"ಹುಡುಕಿಸಿ ಕೊಡ್ತೀನಿ ತಾಯಿ" ಎಂದ.

ಹುಡುಕಿದ. ಆ ಮಾತಿಗೆ ಅವನು ತಪ್ಪಲಿಲ್ಲ. ಬೆಂಗಳೂರಿಗೆ ಬರೆದ. ಮೈಸೂರಿಗೆ, ಪುಣೆಗೆ, ಮದ್ರಾಸಿಗೆ ಬರೆದ. ಒಂದು ಪತ್ರ ಸಮುದ್ರವನ್ನೂ ದಾಟಿತು. ಅಲ್ಲಿಂದ ಬಹಳ ಒಳ್ಳೆಯ ಕಾಗದದ ಮೇಲೆ 'ಇಲ್ಲ' ಎಂದು ಉತ್ತರ ಬಂತು. ಆ ಕಾಗದವನ್ನು ಅವನು ಬಂದವರಿಗೆಲ್ಲ ತೋರಿಸಿದ.

ಹೊಲಿಗೆಯವಳು ಪ್ರತಿ ಮಂಗಳವಾರ ಪಕ್ಕದೂರಿನ ಸಂತೆಗೆ ಹೋಗಿ ತಾನು ಹೊಲಿದ ಕುಪ್ಪಸ, ಕೂಸುಗಳ ಕುಂಚಿಗೆ ಮಾರುತ್ತಿದ್ದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಒಂದು ದಿನ ಅವಳು ಕೇಳಿದಳು:

"ಸಂತೆ ಊರಾಗೂ ಒಂದು ಲೈಬ್ರರಿ ಐತಲ್ಲರಿ. ಅಲ್ಲೊಂದು ಮಾತು ಕೇಳಿ ನೋಡ್ಲೇನು?"

ಗ್ರಂಥಪಾಲಕ ನಕ್ಕ. "ಅಲ್ಲೇನೈತಿ ತಾಯಿ? ಎರಡು ಕಪಾಟು ಪತ್ತೇದಾರಿ ಕಾದಂಬರಿ. ಅವನ್ನ ತಲೆದಿಂಬು ಮಾಡ್ಕೊಂಡು ಮಲಗೋ ಒಬ್ಬ ಗ್ರಂಥಪಾಲಕ. ಲಂಡನ್ನಿನಾಗ ಇಲ್ಲದ್ದು ಅವನ ಹತ್ರ ಇರತದೇನು? ನಾ ಇದ್ದೀನಲ್ಲ, ನೀ ಯಾಕ ಅಲೀತಿ."

ಕಲಿತವರ ಮಾತು. ಅವಳು ನಂಬಿದಳು.

ಆ ಸೀಮೆಯ ಗ್ರಂಥಾಲಯ ನೌಕರರಿಗೆ ಒಂದು ಸಂಘವಿತ್ತು. ವರ್ಷಕ್ಕೊಂದು ಸಲ, ಯಾವುದಾದರೂ ಒಂದು ಊರಿನಲ್ಲಿ, ಭಾನುವಾರ ಸಭೆ. ಪ್ರತಿ ವರ್ಷ ಅವನಿಗೂ ಕಾರ್ಡು ಬರುತ್ತಿತ್ತು. ಪ್ರತಿ ವರ್ಷ ಅವನೂ ಒಂದು ಕಾರ್ಡು ಬರೆಯುತ್ತಿದ್ದ: 'ಓದುಗರ ಹಿತದೃಷ್ಟಿಯಿಂದ ಸಭೆಗೆ ಬರಲಾಗುತ್ತಿಲ್ಲ. ಕ್ಷಮೆ ಇರಲಿ.' ಅಕ್ಷರ ಮುತ್ತಿನಂತಿರುತ್ತಿತ್ತು. ಅಧ್ಯಕ್ಷರು ಅದನ್ನು ಸಭೆಯಲ್ಲಿ ಓದಿ ಹೇಳುತ್ತಿದ್ದರು. ಬಂದು ಕೂತವರು ಬಾರದವನಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಊಟವಾಗಬೇಕು. ಹಾರ ಹಾಕಿಸಿಕೊಂಡವರು ಕಾರು ಹತ್ತಿ ಹೋಗಬೇಕು. ಉಳಿದವರಲ್ಲಿ ಅರ್ಧ ಜನ ತೂಕಡಿಸಬೇಕು. ಆಗ ಒಬ್ಬೊಬ್ಬರಾಗಿ ಎದ್ದು ನಿಂತು ಎರಡು ಪಟ್ಟಿ ಓದುತ್ತಿದ್ದರು. ಒಂದು ಬೇಕು ಪಟ್ಟಿ. ತಮ್ಮ ಓದುಗರು ಕೇಳಿದ, ತಮ್ಮಲ್ಲಿ ಇಲ್ಲದ ಪುಸ್ತಕಗಳು. ಇನ್ನೊಂದು ಬೇಡ ಪಟ್ಟಿ. ಹತ್ತು ವರ್ಷದಿಂದ ಯಾರೂ ಮುಟ್ಟದ, ಕಪಾಟಿನಲ್ಲಿ ಸುಮ್ಮನೆ ಜಾಗ ಹಿಡಿದ ಪುಸ್ತಕಗಳು. ಬೇಕಾದವರು ಕೈ ಎತ್ತುವುದು. ಪುಸ್ತಕ ಕೈ ಬದಲಾಗುವುದು. ಬೇಡ ಪಟ್ಟಿಯಲ್ಲಿ ಮೂರು ವರ್ಷ ಓದಿದರೂ ಯಾರೂ ಕೈ ಎತ್ತದ ಪುಸ್ತಕ ರದ್ದಿಗೆ ಹೋಗುತ್ತಿತ್ತು. ವರದಿಯಲ್ಲಿ ಈ ಪಟ್ಟಿಗಳ ಬಗ್ಗೆ ಒಂದು ಸಾಲೂ ಇರುತ್ತಿರಲಿಲ್ಲ. ಅಲ್ಲಿದ್ದು ಕೇಳಿದವರಿಗಷ್ಟೇ ಗೊತ್ತು.

"ಆ ಪಟ್ಟಿ ಓದುವುದು ಈಗಲೂ ಇದೆಯೇ?" ಎಂದು ಯಮನೂರಪ್ಪ ನಡುವೆ ಕೇಳಿದ.

"ಬಸ್ಸು ಹಿಡಿಯದವರಿಗೆ ಇದೆ" ಎಂದು ಹೇಳಿ ಅಕ್ಕೋರು ಮುಂದುವರಿಸಿದರು.

ವರ್ಷಗಳು ಕಳೆದವು. ಒಂದು ದಿನ ಹೊಲಿಗೆಯವಳಿಗೆ ಸೂಜಿಯ ಕಣ್ಣು ಕಾಣಲಿಲ್ಲ. ಮಂಜು ಎಂದುಕೊಂಡಳು. ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಕನ್ನಡಕವಿಲ್ಲ ಎಂದು ವೈದ್ಯರು ಹೇಳಿದರು. ಅವಳು ಗ್ರಂಥಾಲಯಕ್ಕೆ ಬಂದು ಹೇಳಿದಳು:

"ಇನ್ನ ಆರು ತಿಂಗಳು ಓದಬಹುದು ಅಂದಾರ್ರಿ. ಅಷ್ಟರಾಗ ಸಿಗತದೇನು ನೋಡ್ರಿ."

ಅವನು ಇನ್ನೂ ನಾಲ್ಕು ಪತ್ರ ಬರೆದ. ದೂರದ ಊರುಗಳಿಗೇ ಬರೆದ. ಆರು ತಿಂಗಳು ಹೋಯಿತು. ಕಣ್ಣೂ ಹೋಯಿತು. ಅವಳು ಆಮೇಲೆ ಬರಲಿಲ್ಲ. ಆದರೆ ಒಂದು ಮಾತು ಹೇಳಿಕಳಿಸಿದಳು: ಸಿಕ್ಕರೆ ನೀವೇ ಬಂದು ಓದಿ ಹೇಳ್ರಿ.

ಇದಾಗಿ ಎರಡು ವರ್ಷಕ್ಕೆ, ಅವನ ಕೆಲಸದ ಮೂವತ್ತೊಂದನೆಯ ವರ್ಷ, ಗ್ರಂಥಾಲಯದ ಚಾವಣಿ ಸೋರಿತು. ರಿಪೇರಿಯವರು ಬಂದು ಎಂಟು ದಿನ ಬಾಗಿಲು ಹಾಕಿಸಿದರು. ಅವನಾಗಿ ಹಾಕಿದ್ದಲ್ಲ. ಆ ಎಂಟು ದಿನದೊಳಗೆ ಸಭೆಯ ಭಾನುವಾರವೂ ಬಂತು. ಮನೆಯಲ್ಲಿ ಕೂತು ಅಭ್ಯಾಸವಿಲ್ಲದವನು. ಹೊತ್ತು ಹೋಗದೆ ಸಭೆಗೆ ಹೋದ.

ಅವನು ಹೆಸರು ಹೇಳುತ್ತಲೇ ಬಾಗಿಲಲ್ಲಿದ್ದವರು ಎದ್ದು ನಿಂತರು.

"ಬರ್ರಿ ಬರ್ರಿ. ಓದುಗರ ಹಿತದೃಷ್ಟಿ ಬಂತು, ಕುರ್ಚಿ ಕೊಡ್ರಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಸ್ವಾಗತ ಭಾಷಣ ಉದ್ದವಾಯಿತು. ಉಪ್ಪಿಟ್ಟು ತಣ್ಣಗಾಗಿತ್ತು. ತಾನು ಇಷ್ಟು ವರ್ಷ ಬಾರದೆ ಇದ್ದದ್ದೇ ಸರಿ ಎಂದುಕೊಂಡ.

ಊಟವಾಯಿತು. ಪಟ್ಟಿಗಳು ಶುರುವಾದವು. ಅವನ ಸರದಿ ಬಂದಾಗ ಅವನ ಕೈಯಲ್ಲಿ ಕಾಗದವಿರಲಿಲ್ಲ. ಬೇಡಿಕೆ ಪುಸ್ತಕದ ಮೊದಲ ಸಾಲು ಬಾಯಲ್ಲಿತ್ತು. ಎದ್ದು ನಿಂತು ಅದನ್ನೇ ಹೇಳಿದ: "ನಮ್ಮ ಸೀಮೆಯ ಬಾವಿಗಳು."

ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಮಲಗಿದ್ದ ಒಬ್ಬರು ಕಣ್ಣು ಬಿಟ್ಟರು. ಸಂತೆ ಊರಿನ ಗ್ರಂಥಪಾಲಕರು.

"ಬಾವಿ ಮಾಸ್ತರ ಪುಸ್ತಕ ಅಲ್ರೀ? ಅರವತ್ತನಾಲ್ಕು ಪುಟದ್ದು?" ಎಂದರು. "ಅದು ನನ್ನ ಹತ್ರ ಇತ್ತಲ್ಲರಿ. ಬೇಡ ಪಟ್ಟ್ಯಾಗ ಮೂರು ವರ್ಷ ಓದೀನಿ, ಇದೇ ಸಭ್ಯಾಗ, ಇವರ ಮುಂದೇ. ಯಾರೂ ಕೈ ಎತ್ತಲಿಲ್ಲ. ರದ್ದಿಗೆ ಹೋಗಿ ಐದು ವರ್ಷ ಆತು."

ಇವನು ನಿಂತೇ ಇದ್ದ. ಐದು ವರ್ಷದ ಹಿಂದೆ ಅವಳು ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸುತ್ತಿದ್ದಳು.

"ಅದನ್ನ ಓದಾಕ ಒಬ್ಬಾಕಿ ಇದ್ದಳು" ಎಂದ.

ಸಂತೆ ಊರಿನವರು ಎದ್ದು ಬಂದು ಹೇಳಿದರು: "ರದ್ದಿಗೆ ಹಾಕೋ ಪುಸ್ತಕ ನಾನೊಮ್ಮೆ ಪೂರ್ತಿ ಓದತೀನ್ರಿ. ಕಡೀಗಾದ್ರೂ ಒಬ್ಬರು ಓದಿ ಕಳಿಸಬೇಕಲ್ಲ. ಎಲ್ಲಾ ನೆನಪಿಲ್ಲ. ಅಷ್ಟಿಷ್ಟು ಐತಿ. ನಡೀರಿ, ಹೋಗೂಣು."

ಇಬ್ಬರೂ ಅಲ್ಲಿಂದಲೇ ಬಸ್ಸು ಹತ್ತಿದರು.

ಹೊಲಿಗೆಯವಳು ಬಾಗಿಲ ಬಳಿ ಕೂತಿದ್ದಳು. ಅವರ ದನಿ ಕೇಳಿ ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟಳು. ಪುಸ್ತಕ ಇಲ್ಲ, ಅದನ್ನು ಓದಿದವರು ಬಂದಿದ್ದಾರೆ ಎಂದು ಗ್ರಂಥಪಾಲಕ ಹೇಳಿದ. "ಹೇಳ್ರಿ" ಎಂದಳು.

"ಒಂದು ಬಾವಿ ಬಗ್ಗೆ ಹಿಂಗ ಬರೆದಿದ್ದರವ್ವ" ಎಂದರು ಸಂತೆ ಊರಿನವರು. "'ಈ ಬಾವಿಯ ನೀರು ಸವುಳು. ಹಾಗೆಂದು ಬರೆಯಬಾರದೆಂದು ಗ್ರಾಮಸ್ಥರು ಕೇಳಿಕೊಂಡಿದ್ದಾರೆ.'"

ಅವಳು ನಕ್ಕಳು. ಬಹಳ ಹೊತ್ತು ನಕ್ಕಳು. "ನಮ್ಮಪ್ಪ ಹಿಂಗ ಮಾತಾಡ್ತಿದ್ದ ಅನ್ರಿ" ಎಂದಳು. ಆಮೇಲೆ ಕೇಳಿದಳು, "ಮತ್ತ?"

"ಮೊದಲನೇ ಪುಟದಾಗ ಒಂದು ಸಾಲಿತ್ತು. 'ಓದು ಬಂದ ಮೇಲೆ ಓದಲಿ ಎಂದು, ಮಗಳಿಗೆ.'"

ಅವಳು ಮುಂದಕ್ಕೆ ಬಾಗಿದಳು.

"ಹೆಸರು ಹಾಕಿದ್ದರೇನ್ರಿ?"

"ಇಲ್ಲವ್ವ. ಮಗಳಿಗೆ ಅಂತ ಅಷ್ಟೇ."

"ನಾನೊಬ್ಬಾಕೀನೇ ಮಗಳು" ಎಂದಳು.

ಮತ್ತೆ "ಮತ್ತ?" ಎಂದಳು. ಸಂತೆ ಊರಿನವರಿಗೆ ಅದಕ್ಕಿಂತ ಹೆಚ್ಚು ನೆನಪಿರಲಿಲ್ಲ. ಎಷ್ಟೋ ಮೆಟ್ಟಿಲ ಲೆಕ್ಕವಿತ್ತು ಎಂದರು. ಯಾವ ಬಾವಿಗೆ ಎಷ್ಟು ಎಂಬುದು ಮರೆತಿತ್ತು.

"ಎಲ್ಲಿತ್ತರಿ ಅದು, ಇಷ್ಟು ವರ್ಷ?"

ಈ ಪ್ರಶ್ನೆಯನ್ನು ಅವಳು ಕೇಳಿದ್ದು ತನ್ನ ಗ್ರಂಥಪಾಲಕನನ್ನು. ಅವನೇ ಹೇಳಬೇಕಾಯಿತು. ಹೇಳಿದ.

ಅವಳು ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಮಂಗಳವಾರ ಬಸ್ಸು ಬರೋತನಕ ನಾ ಆ ಲೈಬ್ರರಿ ಮೆಟ್ಟಲ ಮ್ಯಾಲೇ ಕೂಡತಿದ್ದೆ" ಎಂದಳು. ಪಕ್ಕಕ್ಕಿಟ್ಟ ಬಟ್ಟೆಯನ್ನು ತಡಕಾಡಿ ಮತ್ತೆ ಕೈಗೆ ತೆಗೆದುಕೊಂಡಳು.

ಎಂಟು ದಿನವಾದ ಮೇಲೆ ಗ್ರಂಥಾಲಯದ ಬಾಗಿಲು ಮತ್ತೆ ತೆರೆಯಿತು, ಹೇಳಿದ ಹೊತ್ತಿಗೆ ಸರಿಯಾಗಿ. ಬೇಡಿಕೆ ಪುಸ್ತಕದ ಮೊದಲ ಸಾಲನ್ನು ಅವನು ಹೊಡೆದು ಹಾಕಲಿಲ್ಲ. ಸಿಕ್ಕಿತು ಎಂದೂ ಬರೆಯಲಾಗಲಿಲ್ಲ, ಇಲ್ಲ ಎಂದೂ ಬರೆಯಲಾಗಲಿಲ್ಲ.

ಅಕ್ಕೋರು ಕತೆ ನಿಲ್ಲಿಸಿದರು.

ಯಮನೂರಪ್ಪನಿಗೆ ಆ ಗ್ರಂಥಪಾಲಕನ ಮೇಲೆ ಕನಿಕರ ಬಂತು. ತನ್ನ ಕಸುಬಿನವನು. "ಆದರೂ ಅಕ್ಕೋರೆ, ಮೂವತ್ತೊಂದು ವರ್ಷ ಅವನು ಒಂದು ದಿನವೂ ತಾನಾಗಿ ಬಾಗಿಲು ಮುಚ್ಚಲಿಲ್ಲವಲ್ಲ" ಎಂದ.

"ಬಾಗಿಲಿರುವುದು ಒಳಗೆ ಬರುವುದಕ್ಕೆ ಮಾತ್ರ, ಹೊರಗೆ ಹೋಗಿ ಕೇಳುವುದಕ್ಕಲ್ಲ ಎಂದು ಅವನೂ ತಿಳಿದಿದ್ದ, ಯಮನೂರ."